ಕ್ರೂಸ್ ಕಂಟ್ರೋಲ್ ಆಗಾಗ ತಾನೇ ಆಫ್ ಆಗುತ್ತಿದೆಯೇ? ಮೊದಲು ಹಿಂದಿನ ಬ್ರೇಕ್ ಲೈಟ್ ನೋಡಿ

ಹಳೆಯ ಕಾರಿನ ಕ್ರೂಸ್ ಕಂಟ್ರೋಲ್ ಒಂದು ದಿನ ಕೆಲಸ ಮಾಡಿ, ಮರುದಿನ ಕೈಕೊಟ್ಟರೆ ಸಲಹೆಗಳಿಗೆ ಬರವಿಲ್ಲ. ‘ಫ್ಯೂಸ್ ತೆಗೆದು ಮತ್ತೆ ಹಾಕಿ, ಸರಿಯಾಗುತ್ತೆ’ ಎನ್ನುವವರು ಒಬ್ಬರು. ‘ಇಸಿಯು ಹೋಗಿದೆ, ಬದಲಿಸಿ’ ಎನ್ನುವವರು ಇನ್ನೊಬ್ಬರು. ‘ಬ್ರೇಕ್ ಸ್ವಿಚ್‌ನ ವೈರ್ ನೇರ ಜೋಡಿಸಿಬಿಡಿ’ ಎನ್ನುವವರು ಮತ್ತೊಬ್ಬರು. ಇದರ ಜೊತೆಗೆ ‘ಮಳೆಯಲ್ಲಿ ಕ್ರೂಸ್ ಹಾಕಿದರೆ ಕಾರು ವಿಮಾನದ ಹಾಗೆ ಹಾರುತ್ತದೆ’ ಎಂಬ ಫಾರ್ವರ್ಡ್ ಬೇರೆ. ಇವುಗಳಲ್ಲಿ ಒಂದು ತಾತ್ಕಾಲಿಕ ಸಮಾಧಾನ, ಒಂದು ದುಂದುವೆಚ್ಚ, ಒಂದು ಅರ್ಧಸತ್ಯ, ಒಂದು ಪ್ರಾಣಕ್ಕೇ ಅಪಾಯ. ಯಾವುದು ಯಾವುದು ಎಂದು ಈ ಲೇಖನದಲ್ಲಿ ನೋಡೋಣ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಕ್ರೂಸ್ ಕಂಟ್ರೋಲ್ ತಾನಾಗಿ ಆಫ್ ಆಗುವಾಗ ಬಹಳ ಸಲ ಕೆಟ್ಟಿರುವುದು ಕ್ರೂಸ್ ಅಲ್ಲ. ಅದಕ್ಕೆ ಮಾಹಿತಿ ಕೊಡುವ ಬೇರೊಂದು ಭಾಗ ಕೆಟ್ಟಿರುತ್ತದೆ. ಆ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಬ್ರೇಕ್ ಪೆಡಲ್‌ನ ಸ್ವಿಚ್. ಹಿಂದಿನ ಕೆಂಪು ದೀಪ ಹೊತ್ತಿಸುವುದೂ ಅದೇ ಸ್ವಿಚ್ ಆದ್ದರಿಂದ ಇದನ್ನು ಬರೀ ಸೌಕರ್ಯದ ವಿಷಯ ಎಂದು ತಳ್ಳಿಹಾಕುವಂತಿಲ್ಲ.

ಸೇಡಂ, ಚಿತ್ತಾಪುರ, ವಾಡಿಯಲ್ಲಿ ಕ್ರೂಸ್ ಯಾಕೆ ಬೇಕು?

ನ್ಯಾಯವಾದ ಪ್ರಶ್ನೆ. ಸೇಡಂ, ಮಳಖೇಡ, ವಾಡಿ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಸುತ್ತಲಿನ ಭಾಗ ಸುಣ್ಣದ ಕಲ್ಲಿನ ನಾಡು. ಸಿಮೆಂಟ್ ಕಾರ್ಖಾನೆಗಳ ಬಲ್ಕರ್, ಕಲ್ಲು ಹೊತ್ತ ಟಿಪ್ಪರ್, ಫರ್ಸಿ ತುಂಬಿದ ಲಾರಿ, ತೊಗರಿ ಹೇರಿದ ಟ್ರ್ಯಾಕ್ಟರ್ ಎಲ್ಲವೂ ಒಂದೇ ರಸ್ತೆಯಲ್ಲಿ. ಊರಿಗೊಂದು ಹಂಪ್. ಈ ರಸ್ತೆಗಳಲ್ಲಿ ಕ್ರೂಸ್ ಹಾಕುವ ಹಾಗಿಲ್ಲ, ಹಾಕಲೂಬಾರದು.

ಆದರೆ ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮದುವೆಗೆ ಎಂದು ಇಲ್ಲಿಯವರು ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗುವುದು ಮಾಮೂಲು. ಚಿಂಚೋಳಿಯಿಂದ ಜಹೀರಾಬಾದ್ ತಲುಪಿದರೆ ಪುಣೆ-ಹೈದರಾಬಾದ್ ಹೆದ್ದಾರಿ ಸಿಗುತ್ತದೆ. ಹೈದರಾಬಾದಿನ ಸುತ್ತ 158 ಕಿ.ಮೀ. ಹೊರವರ್ತುಲ ರಸ್ತೆ ಇದೆ. ಕ್ರೂಸ್ ಬಟನ್ ನೆನಪಾಗುವುದು ಅಲ್ಲಿ. ವರ್ಷಕ್ಕೆ ಐದಾರು ಸಲ ಮಾತ್ರ ಒತ್ತುವ ಬಟನ್ ಆದ್ದರಿಂದ, ದೋಷ ಯಾವಾಗ ಶುರುವಾಯಿತು ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಕ್ರೂಸ್ ಕಂಟ್ರೋಲ್ ಕೆಲಸ ಮಾಡುವುದು ಹೇಗೆ?

ಇದನ್ನು ಕಂಡುಹಿಡಿದವರು ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್. ಐದನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. ಅವರ ವಕೀಲರು ಮಾತಾಡುತ್ತಾ ಕಾರು ಓಡಿಸುವಾಗ ವೇಗ ಏರಿಸುವುದು, ಇಳಿಸುವುದು ಮಾಡುತ್ತಿದ್ದುದರಿಂದ ಬೇಸತ್ತು ಈ ಯೋಚನೆ ಹೊಳೆಯಿತು ಎಂಬ ಕಥೆ ಪ್ರಸಿದ್ಧ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಕ್ರೈಸ್ಲರ್ ಕಂಪನಿ ಇದನ್ನು ಕಾರಿನಲ್ಲಿ ಕೊಟ್ಟಿತು. ನಮ್ಮಲ್ಲಿ ಕುಟುಂಬದ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಇದು ಕಾಣಿಸಿಕೊಂಡಿದ್ದು ಬಹಳ ತಡವಾಗಿ. ಅಂಥ ಕಾರುಗಳಲ್ಲಿ ಎಷ್ಟೋ ಈಗ ಎಂಟು, ಹತ್ತು ವರ್ಷ ದಾಟಿವೆ.

ನೀವು ‘ಸೆಟ್’ ಒತ್ತಿದಾಗ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಆ ಕ್ಷಣದ ವೇಗವನ್ನು ನೆನಪಿಟ್ಟುಕೊಳ್ಳುತ್ತದೆ. ವೇಗ ಇಳಿದರೆ ತಾನೇ ಎಕ್ಸಲರೇಟರ್ ಕೊಡುತ್ತದೆ, ಏರಿದರೆ ಬಿಡುತ್ತದೆ. ಈ ಕೆಲಸಕ್ಕೆ ಅದು ಸದಾ ನಾಲ್ಕು ಕಡೆಯಿಂದ ಸುದ್ದಿ ಕೇಳುತ್ತಿರುತ್ತದೆ:

• ಸ್ಟೀರಿಂಗ್ ಮೇಲಿನ ಬಟನ್: ಚಾಲಕ ಏನು ಕೇಳುತ್ತಿದ್ದಾನೆ?
• ವೇಗದ ಸೆನ್ಸರ್: ಕಾರು ಈಗ ಎಷ್ಟು ವೇಗದಲ್ಲಿದೆ?
• ಬ್ರೇಕ್ ಪೆಡಲ್ ಸ್ವಿಚ್: ಬ್ರೇಕ್ ಒತ್ತಿದ್ದಾರೆಯೇ?
• ಕ್ಲಚ್ ಪೆಡಲ್ ಸ್ವಿಚ್: ಕ್ಲಚ್ ಒತ್ತಿದ್ದಾರೆಯೇ? (ಆಟೋಮ್ಯಾಟಿಕ್ ಕಾರಿನಲ್ಲಿ ಇದಿಲ್ಲ.)

ಇವುಗಳಲ್ಲಿ ಯಾವುದೇ ಒಂದರ ಮಾತು ಅನುಮಾನ ಹುಟ್ಟಿಸಿದರೂ ಕ್ರೂಸ್ ತಕ್ಷಣ ಕೈಬಿಡುತ್ತದೆ. ಹಾಗೆ ಮಾಡಬೇಕೆಂದೇ ಅದನ್ನು ರೂಪಿಸಿದ್ದಾರೆ. ಸಂಶಯವಿದ್ದೂ ಎಕ್ಸಲರೇಟರ್ ಕೊಡುತ್ತಾ ಹೋಗುವ ಯಂತ್ರ ಯಾರಿಗೂ ಬೇಡ. ಹಾಗಾಗಿ ಕ್ರೂಸ್ ಆಫ್ ಆಯಿತು ಎಂದಾಗ ಕೇಳಬೇಕಾದ ಪ್ರಶ್ನೆ ‘ಕ್ರೂಸ್ ಯಾಕೆ ಕೆಟ್ಟಿತು’ ಎಂದಲ್ಲ, ‘ಅದಕ್ಕೆ ಯಾರ ಮಾತಿನ ಮೇಲೆ ಅನುಮಾನ ಬಂತು’ ಎಂದು.

ದೋಷವೇ ಅಲ್ಲದ ಸಂದರ್ಭಗಳು

ಗ್ಯಾರೇಜಿಗೆ ಹೋಗುವ ಮೊದಲು ಇವನ್ನು ನೋಡಿಕೊಳ್ಳಿ.

• ಬಹುತೇಕ ಕಾರುಗಳಲ್ಲಿ ಗಂಟೆಗೆ ಸುಮಾರು 30-40 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಕ್ರೂಸ್ ಸೆಟ್ ಆಗುವುದಿಲ್ಲ. ನಿಮ್ಮ ಕಾರಿನ ಮಿತಿ ಮಾಲೀಕರ ಕೈಪಿಡಿಯಲ್ಲಿರುತ್ತದೆ.
• ಮೊದಲು ಕ್ರೂಸ್‌ನ ಮುಖ್ಯ ಬಟನ್ ಆನ್ ಮಾಡಿ, ಆಮೇಲೆ ‘ಸೆಟ್’ ಒತ್ತಬೇಕು. ಇಂಜಿನ್ ಆಫ್ ಮಾಡಿದರೆ ಹಲವು ಕಾರುಗಳಲ್ಲಿ ನೆನಪು ಅಳಿಸಿಹೋಗುತ್ತದೆ.
• ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡೇ ಓಡಿಸುವ ಅಭ್ಯಾಸವಿದ್ದರೆ, ಕಾಲಿನ ಭಾರಕ್ಕೆ ಸ್ವಿಚ್ ಮಿಸುಕಿ ಕ್ರೂಸ್ ಆಫ್ ಆಗಬಹುದು. ಒಬ್ಬರು ಓಡಿಸಿದಾಗ ಸರಿ, ಇನ್ನೊಬ್ಬರು ಓಡಿಸಿದಾಗ ಆಫ್ ಎಂದಾದರೆ ಮೊದಲು ಕಾಲು ನೋಡಿ.
• ಏರಿನಲ್ಲಿ ವೇಗ ತೀರಾ ಕುಸಿದರೆ ಹಲವು ಕಾರುಗಳಲ್ಲಿ ಕ್ರೂಸ್ ತಾನೇ ಬಿಟ್ಟುಬಿಡುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡು ಎಂಜಿನ್ ಶಕ್ತಿ ಕಳೆದುಕೊಂಡಿದ್ದರೂ ಹೀಗಾಗಬಹುದು.
• ಚೆಕ್ ಎಂಜಿನ್ ಅಥವಾ ಎಬಿಎಸ್ ದೀಪ ಉರಿಯುತ್ತಿದ್ದರೆ ಅನೇಕ ಕಾರುಗಳಲ್ಲಿ ಕ್ರೂಸ್ ಒಪ್ಪುವುದೇ ಇಲ್ಲ. ಮೊದಲು ಆ ದೀಪದ ಕಾರಣ ಸರಿಯಾಗಬೇಕು.

ಮೊದಲ ಪರೀಕ್ಷೆ: ಬ್ರೇಕ್ ಲೈಟ್

ಇದಕ್ಕೆ ಉಪಕರಣ ಬೇಕಿಲ್ಲ. ಸಂಜೆ ಕತ್ತಲಾದ ಮೇಲೆ ಕಾರಿನ ಹಿಂಭಾಗವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದೆ ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ, ನೋಡಲು ಹೇಳಿ. ನಂತರ ಮೂರು ಕೆಲಸ ಮಾಡಿ.

1. ಬ್ರೇಕ್ ಪೆಡಲನ್ನು ಬಹಳ ಮೆಲ್ಲಗೆ ಒತ್ತಿ. ಎಡ, ಬಲ ಮತ್ತು ಮೇಲಿನ ದೀಪ ಮೂರೂ ತಕ್ಷಣ ಹೊತ್ತಬೇಕು. ಹತ್ತು ಸಲ ಮಾಡಿ. ಹತ್ತರಲ್ಲಿ ಒಂದು ಸಲ ಹೊತ್ತದಿದ್ದರೂ ಅದು ದೋಷವೇ.

2. ಕಾಲು ಪೂರ್ತಿ ತೆಗೆಯಿರಿ. ದೀಪಗಳು ಆರಬೇಕು. ಆರದಿದ್ದರೆ, ಅಥವಾ ಮಿಣುಕುತ್ತಿದ್ದರೆ, ಬ್ರೇಕ್ ಒತ್ತಿದ್ದೀರಿ ಎಂದೇ ಇಸಿಯು ತಿಳಿದುಕೊಂಡಿರುತ್ತದೆ. ಕ್ರೂಸ್ ಹೇಗೆ ಬಂದೀತು?

3. ದೀಪ ಆರದಿದ್ದರೆ ಪೆಡಲನ್ನು ಕಾಲ್ಬೆರಳಿನಿಂದ ಸ್ವಲ್ಪ ಮೇಲಕ್ಕೆತ್ತಿ. ಆಗ ಆರಿದರೆ, ಪೆಡಲ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ ಅಥವಾ ಸ್ವಿಚ್‌ನ ಹೊಂದಾಣಿಕೆ ತಪ್ಪಿದೆ ಎಂದರ್ಥ.

ಕೆಲವು ಕಾರುಗಳಲ್ಲಿ ಪೆಡಲ್ ಮತ್ತು ಸ್ವಿಚ್ ನಡುವೆ ಗುಂಡಿಯಷ್ಟು ದೊಡ್ಡ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಟಾಪರ್ ಇರುತ್ತದೆ. ವರ್ಷಗಳ ಬಿಸಿಲಿಗೆ ಅದು ಪುಡಿಯಾಗುತ್ತದೆ. ಚಾಲಕನ ಕಾಲ ಬಳಿಯ ಮ್ಯಾಟ್ ಮೇಲೆ ಗುರುತು ಸಿಗದ ಪ್ಲಾಸ್ಟಿಕ್ ಚೂರು ಕಂಡರೆ ಎಸೆಯಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಸ್ಟಾಪರ್ ಹೋದರೆ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿಯೂ ಇಳಿದಿರುತ್ತದೆ. ‘ಕ್ರೂಸ್ ಬರ್ತಿಲ್ಲ’, ‘ಬ್ಯಾಟರಿ ನಿಲ್ತಿಲ್ಲ’ ಎಂಬ ಎರಡು ದೂರುಗಳಿಗೆ ಒಂದೇ ಚೂರು ಕಾರಣವಾಗಿರಬಹುದು.

ದೀಪ ಸರಿಯಿದೆ, ಆದರೂ ಕ್ರೂಸ್ ಆಫ್ ಆಗುತ್ತಿದೆಯೇ? ಬಹಳಷ್ಟು ಕಾರುಗಳ ಬ್ರೇಕ್ ಸ್ವಿಚ್‌ನಲ್ಲಿ ಎರಡು ಜೋಡಿ ಸಂಪರ್ಕಗಳಿರುತ್ತವೆ. ಒಂದು ದೀಪಕ್ಕೆ, ಇನ್ನೊಂದು ಎಂಜಿನ್ ಕಂಪ್ಯೂಟರಿಗೆ. ಎರಡೂ ಒಂದೇ ಕಥೆ ಹೇಳಬೇಕು. ಒಂದು ‘ಬ್ರೇಕ್ ಒತ್ತಿದ್ದಾರೆ’, ಇನ್ನೊಂದು ‘ಒತ್ತಿಲ್ಲ’ ಎಂದರೆ ಇಸಿಯು ಯಾರನ್ನೂ ನಂಬದೆ ಕ್ರೂಸ್ ಕಡಿದುಹಾಕುತ್ತದೆ. ಇದನ್ನು ಕಣ್ಣಿನಿಂದ ಕಾಣಲಾಗದು, ಸ್ಕ್ಯಾನರ್ ಬೇಕು.

ಇನ್ನೊಂದು ಮಾತು: ಅಂಗಡಿಯಲ್ಲಿ ಹಿಂದಿನ ಬಲ್ಬ್ ತೆಗೆಸಿ ಎಲ್ಇಡಿ ಹಾಕಿಸಿದ್ದೀರಾ? ಕೆಲವು ಹಳೆಯ ಕಾರುಗಳಲ್ಲಿ ಕ್ರೂಸ್ ಮಾಡ್ಯೂಲ್ ಬ್ರೇಕ್ ಬಲ್ಬ್‌ನ ತಂತಿಯ ಮೂಲಕವೇ ಪರಿಶೀಲನೆ ಮಾಡುತ್ತದೆ. ಅಲ್ಲಿ ಎಲ್ಇಡಿ ಹಾಕಿದರೆ, ಅಥವಾ ಬಲ್ಬ್‌ಗಳು ಸುಟ್ಟಿದ್ದರೆ, ಕ್ರೂಸ್ ಬರುವುದಿಲ್ಲ. ಮೂಲ ಬಲ್ಬ್ ಹಾಕಿ ನೋಡುವುದು ಅಗ್ಗದ ಪರೀಕ್ಷೆ.

ಇದನ್ನು ಮುಂದೂಡಬಾರದು ಏಕೆ?

ಸಿಮೆಂಟ್ ಲಾರಿಗಳ ಹಿಂದೆ ಏಳುವ ಧೂಳಿನಲ್ಲಿ, ಚಳಿಗಾಲದ ಬೆಳಗಿನ ಮಂಜಿನಲ್ಲಿ, ಹಿಂದಿನ ವಾಹನಕ್ಕೆ ನಿಮ್ಮ ಕಾರು ಕಾಣುವುದು ಬ್ರೇಕ್ ದೀಪದಿಂದ. ಹಂಪ್ ಬಂತೆಂದು ನೀವು ಬ್ರೇಕ್ ಒತ್ತಿದಾಗ ದೀಪ ಹೊತ್ತದಿದ್ದರೆ, ಹತ್ತಾರು ಟನ್ ಭಾರ ಹೊತ್ತ ಬಲ್ಕರ್ ಚಾಲಕನಿಗೆ ಅದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ದೀಪ ಸದಾ ಉರಿಯುತ್ತಿದ್ದರೂ ಅಷ್ಟೇ ಅಪಾಯ. ನೀವು ನಿಜವಾಗಿ ಬ್ರೇಕ್ ಹಾಕಿದ್ದು ಯಾವಾಗ ಎಂದು ಅವನಿಗೆ ಗೊತ್ತಾಗುವುದಿಲ್ಲ. ಕ್ರೂಸ್ ಬಳಸದೇ ಇರುವವರಿಗೂ ಈ ಪರೀಕ್ಷೆ ಬೇಕು ಎನ್ನುವುದು ಇದಕ್ಕೇ.

ಈ ಪುಟ್ಟ ಸ್ವಿಚ್‌ನ ಮಹತ್ವ ಅರಿಯಲು ಹೊರದೇಶದ ಒಂದು ಪ್ರಕರಣ ಸಾಕು. ಅಮೆರಿಕದಲ್ಲಿ ಫೋರ್ಡ್ ಕಂಪನಿ 1999ರಿಂದ 2009ರವರೆಗೆ ಹಂತಹಂತವಾಗಿ 1.4 ಕೋಟಿಗೂ ಹೆಚ್ಚು ವಾಹನಗಳನ್ನು ದುರಸ್ತಿಗೆ ವಾಪಸ್ ಕರೆಯಿತು. ಬ್ರೇಕ್ ಒತ್ತಿದಾಗ ಕ್ರೂಸ್ ಕಡಿಯುವ ಸ್ವಿಚ್‌ನೊಳಗೆ ಬ್ರೇಕ್ ಆಯಿಲ್ ಸೋರಿ, ನಿಂತ ವಾಹನಕ್ಕೂ ಬೆಂಕಿ ಹತ್ತುವ ಅಪಾಯವಿತ್ತು. ಆ ಸ್ವಿಚ್‌ನ ವಿನ್ಯಾಸ ಬೇರೆ, ನಿಮ್ಮ ಕಾರಿಗೆ ಹಾಗಾಗುತ್ತದೆ ಎಂದು ಹೆದರಬೇಕಿಲ್ಲ. ಆದರೆ ‘ಒಂದು ಸ್ವಿಚ್ ತಾನೇ’ ಎಂದು ಬಿಡುವಂಥದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಯಾವಾಗ ಆಫ್ ಆಗುತ್ತದೆ? ಉತ್ತರ ಅಲ್ಲೇ ಇದೆ

ಬಂದು ಹೋಗುವ ದೋಷದ ದೊಡ್ಡ ತೊಂದರೆ ಎಂದರೆ, ಗ್ಯಾರೇಜಿಗೆ ಹೋದಾಗ ಅದು ಕಾಣಿಸಿಕೊಳ್ಳುವುದಿಲ್ಲ. ‘ಸರಿ ಇದೆಯಲ್ಲ ಸಾರ್’ ಎಂದು ವಾಪಸ್ ಕಳಿಸುತ್ತಾರೆ. ಹಾಗಾಗಿ ಪ್ರತಿ ಸಲ ಆಫ್ ಆದಾಗ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಒಂದು ಸಾಲು ಬರೆದಿಡಲಿ: ವೇಗ ಎಷ್ಟು, ರಸ್ತೆ ಹೇಗಿತ್ತು, ಬಿಸಿಲೋ ಮಳೆಯೋ, ಯಾವ ದೀಪ ಹೊತ್ತಿತು. ಐದಾರು ಸಾಲು ಸೇರಿದರೆ ಒಂದು ಕ್ರಮ ಕಾಣುತ್ತದೆ.

• ಸ್ಟೀರಿಂಗ್ ತಿರುಗಿಸಿದಾಗ: ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್ ಮೇಲೆ ಅನುಮಾನ. ಗ್ಯಾರೇಜಿನಲ್ಲಿ ಇದಕ್ಕೆ ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಹಾರ್ನ್ ಅಥವಾ ಆಡಿಯೋ ಬಟನ್ ಕೂಡ ಆಗಾಗ ಕೈಕೊಡುತ್ತಿದ್ದರೆ, ಏರ್‌ಬ್ಯಾಗ್ ದೀಪ ಹೊತ್ತಿದ್ದರೆ ಅನುಮಾನ ಬಲವಾಗುತ್ತದೆ. ಏರ್‌ಬ್ಯಾಗ್‌ಗೂ ಸಂಪರ್ಕ ಹೋಗುವುದು ಇದರಿಂದಲೇ. ಆದ್ದರಿಂದ ಸ್ಟೀರಿಂಗ್ ಅನ್ನು ಮನೆಯಲ್ಲಿ ಬಿಚ್ಚಬೇಡಿ.

• ಗುಂಡಿ, ಹಂಪ್ ದಾಟಿದಾಗ: ಸಡಿಲ ಕಪ್ಲರ್, ಸವೆದ ವೈರ್ ಅಥವಾ ಹೊಂದಾಣಿಕೆ ತಪ್ಪಿದ ಬ್ರೇಕ್ ಸ್ವಿಚ್. ಕಾರು ತಿಂಗಳುಗಟ್ಟಲೆ ನಿಂತಿದ್ದರೆ ಇಲಿ ಕಡಿದ ವೈರನ್ನೂ ಹುಡುಕಿಸಿ.

• ಬಿಸಿಲಲ್ಲಿ ನಿಂತ ಕಾರಿನಲ್ಲಿ ಅಥವಾ ಬಹಳ ದೂರ ಓಡಿದ ಮೇಲೆ: ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುವ ಸಂಪರ್ಕ, ಒಳಗೆ ಬಿರುಕು ಬಿಟ್ಟ ಬೆಸುಗೆ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು.

• ಮಳೆಯ ನಂತರ, ನೀರು ಹೊಡೆಸಿದ ನಂತರ: ಕಪ್ಲರ್‌ನೊಳಗೆ ತೇವ, ಚಕ್ರದ ಬಳಿಯ ಸೆನ್ಸರ್ ವೈರ್.

• ಸ್ಪೀಡೋಮೀಟರ್ ಮುಳ್ಳು ಕುಣಿದಾಗ, ಎಬಿಎಸ್ ದೀಪ ಮಿನುಗಿದಾಗ: ವೇಗದ ಸೆನ್ಸರ್. ನಾಲ್ಕು ಟೈರ್‌ಗಳು ಒಂದೇ ಅಳತೆಯವೇ ಎಂದೂ ನೋಡಿ.

• ಯಾವ ಕ್ರಮವೂ ಇಲ್ಲ, ಬ್ರೇಕ್ ಲೈಟ್ ಸರಿಯಿದೆ: ಕ್ಲಚ್ ಸ್ವಿಚ್, ಬ್ರೇಕ್ ಸ್ವಿಚ್‌ನ ಎರಡನೇ ಸಂಪರ್ಕ, ಸ್ಟೀರಿಂಗ್ ಬಟನ್. ಇದು ಸ್ಕ್ಯಾನರ್‌ನ ಕೆಲಸ.

ಸಿಮೆಂಟ್ ಧೂಳೇ ಕಾರಣವೇ?

ನಮ್ಮ ಭಾಗದಲ್ಲಿ ಯಾವ ದೋಷ ಬಂದರೂ ‘ಧೂಳು ಸಾರ್’ ಎನ್ನುವುದು ರೂಢಿ. ಭಾಗಶಃ ನಿಜ. ಸಿಮೆಂಟ್ ಧೂಳಿಗೆ ನೀರು ಸೇರಿದರೆ ಗಟ್ಟಿಯಾಗುತ್ತದೆ. ಚಕ್ರದ ಬಳಿ, ಕಾರಿನ ಕೆಳಭಾಗದಲ್ಲಿ ಪದರ ಕಟ್ಟಿ, ಅಲ್ಲಿನ ವೈರು, ಕಪ್ಲರ್‌ಗಳನ್ನು ಹಿಡಿದುಕೊಳ್ಳಬಹುದು. ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಆದರೆ ಬ್ರೇಕ್ ಸ್ವಿಚ್, ಕ್ಲಾಕ್ ಸ್ಪ್ರಿಂಗ್ ಎರಡೂ ಕಾರಿನೊಳಗೆ ಇರುತ್ತವೆ. ಅವು ಸವೆಯುವುದು ಹೆಚ್ಚಾಗಿ ಬಳಕೆಯಿಂದ ಮತ್ತು ವಯಸ್ಸಿನಿಂದ. ಪಕ್ಕದೂರಿನ ರಸ್ತೆಗಳಲ್ಲಿ ದಿನಕ್ಕೆ ನೂರಾರು ಸಲ ಬ್ರೇಕ್ ಒತ್ತುವ ಕಾರಿನ ಸ್ವಿಚ್, ಹೆದ್ದಾರಿಯಲ್ಲಷ್ಟೇ ಓಡುವ ಕಾರಿನದಕ್ಕಿಂತ ಬೇಗ ಸವೆದರೆ ಆಶ್ಚರ್ಯವಿಲ್ಲ.

ಧೂಳು ತೆಗೆಯುವ ಭರದಲ್ಲಿ ಎಂಜಿನ್ ಕಡೆಗೆ ಜೋರು ನೀರು ಹೊಡೆಸಬೇಡಿ. ಸಿಮೆಂಟ್ ಕಲೆಗೆಂದು ಆ್ಯಸಿಡ್ ಹಚ್ಚಬೇಡಿ. ಅದು ಅಲ್ಯೂಮಿನಿಯಂ ಭಾಗಗಳನ್ನೂ ಸಂಪರ್ಕದ ಪಿನ್ನುಗಳನ್ನೂ ತಿನ್ನುತ್ತದೆ. ಇಲ್ಲದ ದೋಷವನ್ನು ನಾವೇ ತಂದಿಟ್ಟಂತಾಗುತ್ತದೆ.

ಸ್ಕ್ಯಾನರ್ ಏನು ಹೇಳುತ್ತದೆ?

ಕಳೆದ ದಶಕದ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಒಬಿಡಿ ಕಿಂಡಿ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ದಾಖಲಾದ ಕೋಡ್‌ಗಳು ಸಿಗುತ್ತವೆ. ಈ ವಿಷಯಕ್ಕೆ ಸಂಬಂಧಿಸಿದ ಕೆಲವು:

• ಪಿ0571: ಬ್ರೇಕ್ ಸ್ವಿಚ್ ಸರ್ಕ್ಯೂಟ್
• ಪಿ0504: ಬ್ರೇಕ್ ಸ್ವಿಚ್‌ನ ಎರಡು ಸಂಕೇತಗಳಲ್ಲಿ ಹೊಂದಾಣಿಕೆ ಇಲ್ಲ
• ಪಿ0500: ವಾಹನದ ವೇಗದ ಸೆನ್ಸರ್
• ಪಿ0704: ಕ್ಲಚ್ ಸ್ವಿಚ್

ಕೋಡ್ ಹೇಳುವುದು ಯಾವ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದು. ಆ ಭಾಗವನ್ನೇ ಬದಲಿಸಿ ಎಂದು ಅದು ಹೇಳುವುದಿಲ್ಲ. ಪಿ0571 ಬಂದರೆ ಸ್ವಿಚ್, ವೈರ್, ಕಪ್ಲರ್, ಫ್ಯೂಸ್, ಬಲ್ಬ್ ಯಾವುದೂ ಆಗಿರಬಹುದು. ಕೋಡ್ ಇಲ್ಲದಿದ್ದರೂ ದೋಷ ಇಲ್ಲ ಎಂದಲ್ಲ. ‘ಲೈವ್ ಡೇಟಾ’ ತೆರೆಸಿ, ಪೆಡಲ್ ಒತ್ತಿ ಬಿಟ್ಟು, ವೈರನ್ನು ಮೆಲ್ಲಗೆ ಅಲುಗಾಡಿಸಿ, ಸಂಕೇತ ಬದಲಾಗುತ್ತದೆಯೇ ನೋಡಲು ಹೇಳಿ. ಇವೆಲ್ಲ ಮುಗಿಯುವ ಮುನ್ನ ಇಸಿಯು ಬದಲಿಸಲು ಒಪ್ಪಬೇಡಿ. ಇಸಿಯು ಕೆಡುವುದೇ ಇಲ್ಲವೆಂದಲ್ಲ. ಆದರೆ ಅತಿ ದುಬಾರಿಯಾದದ್ದನ್ನು ಕೊನೆಗೆ ನೋಡಬೇಕು.

ಫಾರ್ವರ್ಡ್‌ಗಳ ಸತ್ಯಾಸತ್ಯ

ಹೇಳಿಕೆ: ಮಳೆಯಲ್ಲಿ ಕ್ರೂಸ್ ಹಾಕಿದರೆ ಕಾರು ವೇಗ ಹೆಚ್ಚಿ ಹಾರುತ್ತದೆ.
ಅರ್ಧಸತ್ಯ. ಇಂಗ್ಲಿಷಿನಲ್ಲಿ ಇದು ವಾಟ್ಸ್ಆ್ಯಪ್ ಹುಟ್ಟುವ ಮೊದಲೇ ಇಮೇಲ್‌ನಲ್ಲಿ ಸುತ್ತುತ್ತಿತ್ತು. ಕಾರು ಹಾರುವುದಿಲ್ಲ. ಆದರೆ ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಟೈರ್ ಮತ್ತು ರಸ್ತೆಯ ನಡುವೆ ನೀರಿನ ಪದರ ಸೇರಿ ಹಿಡಿತ ತಪ್ಪುತ್ತದೆ. ಆ ಹೊತ್ತಿಗೆ ಕಾಲು ಪೆಡಲ್ ಮೇಲಿಲ್ಲದಿದ್ದರೆ ಜಾರಿಕೆ ತಿಳಿಯುವುದು ತಡ. ಹಾಗಾಗಿ ಮಳೆಯಲ್ಲಿ ಕ್ರೂಸ್ ಬೇಡ ಎಂಬ ಸಲಹೆ ಸರಿ, ಕೊಡುವ ಕಾರಣ ತಪ್ಪು.

ಹೇಳಿಕೆ: ಫ್ಯೂಸ್ ತೆಗೆದು ಹಾಕಿದರೆ ಸರಿಹೋಗುತ್ತದೆ.
ತಾತ್ಕಾಲಿಕ. ಕೆಲವು ಕಾರುಗಳಲ್ಲಿ ನೆನಪಿನಲ್ಲಿದ್ದ ದೋಷ ಅಳಿಸಿ, ಸ್ವಲ್ಪ ದಿನ ಸರಿಯಾದಂತೆ ಕಾಣಬಹುದು. ಕಾರಣ ಹಾಗೇ ಉಳಿದಿರುತ್ತದೆ.

ಹೇಳಿಕೆ: ಬ್ರೇಕ್ ಸ್ವಿಚ್‌ನ ವೈರ್ ನೇರ ಜೋಡಿಸಿದರೆ ಕ್ರೂಸ್ ಬಿಡುವುದಿಲ್ಲ.
ಅತ್ಯಂತ ಅಪಾಯಕಾರಿ. ಬ್ರೇಕ್ ಒತ್ತಿದ್ದಾರೆ ಎಂದು ಇಸಿಯುಗೆ ತಿಳಿಸುವ ದಾರಿಯನ್ನೇ ಮುಚ್ಚಿದಂತೆ. ಆಮೇಲೆ ನೀವು ಬ್ರೇಕ್ ಒತ್ತಿದರೂ ಎಂಜಿನ್ ಮುಂದಕ್ಕೆ ತಳ್ಳುತ್ತಲೇ ಇರಬಹುದು. ಯಾರಾದರೂ ಹೀಗೆ ಮಾಡಿಕೊಟ್ಟಿದ್ದರೆ ಇಂದೇ ತೆಗೆಸಿ.

ಒಂದು ವೇಳೆ ಕ್ರೂಸ್ ಬಿಡದೇ ಹೋದರೆ?

ಬಹಳ ಅಪರೂಪ, ಆದರೆ ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಗೊತ್ತಿರಲಿ. ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಮನೆ ಗಟ್ಟಿಯಾಗಿ ಒತ್ತಿ. ಕ್ಲಚ್ ಒತ್ತಿ ಗೇರ್ ನ್ಯೂಟ್ರಲ್‌ಗೆ ತನ್ನಿ, ಆಟೋಮ್ಯಾಟಿಕ್ ಆದರೆ ‘ಎನ್’ಗೆ ಹಾಕಿ. ಎಂಜಿನ್ ಜೋರಾಗಿ ಕೂಗಿದರೂ ಗಾಬರಿಯಾಗಬೇಡಿ. ರಸ್ತೆ ಬದಿಗೆ ತಂದು ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡಿ. ಓಡುತ್ತಿರುವಾಗಲೇ ಕೀ ತಿರುಗಿಸಿ ಹೊರತೆಗೆದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವಿದೆ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

‘ಕ್ರೂಸ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಊಹೆಯ ಮೇಲೆ ಬಿಡಿಭಾಗ ಬದಲಾಗುತ್ತವೆ. ಬರೆದಿಟ್ಟ ಸಾಲುಗಳನ್ನು ತೋರಿಸಿ, ಈ ಕ್ರಮದಲ್ಲಿ ಕೇಳಿ: ಮೊದಲು ಬ್ರೇಕ್ ಲೈಟ್, ಬಲ್ಬ್, ಫ್ಯೂಸ್. ಆಮೇಲೆ ಬ್ರೇಕ್ ಮತ್ತು ಕ್ಲಚ್ ಸ್ವಿಚ್, ಅವುಗಳ ಸ್ಟಾಪರ್, ಕಪ್ಲರ್. ನಂತರ ಸ್ಕ್ಯಾನರ್‌ನಲ್ಲಿ ಕೋಡ್ ಮತ್ತು ಲೈವ್ ಡೇಟಾ. ಆನಂತರ ವೇಗದ ಸೆನ್ಸರ್, ಕ್ಲಾಕ್ ಸ್ಪ್ರಿಂಗ್. ಎಲ್ಲಕ್ಕಿಂತ ಕೊನೆಗೆ ಇಸಿಯು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ದುರಸ್ತಿ ಆಗುವವರೆಗೆ ಕ್ರೂಸ್ ಇಲ್ಲದೆ ಹೈದರಾಬಾದಿಗೆ ಹೋಗಿ ಬರಬಹುದು, ಕಾಲು ನೋಯಬಹುದು ಅಷ್ಟೇ. ಬ್ರೇಕ್ ಲೈಟ್ ಇಲ್ಲದೆ ಮಾತ್ರ ಪಕ್ಕದೂರಿಗೂ ಹೊರಡಬೇಡಿ.

ಮನೆಯ ಗ್ರೂಪಿನಲ್ಲಿ ಹಂಚಲು ಇಷ್ಟು ಸಾಕು: ‘ಇವತ್ತು ಸಂಜೆ ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ, ಹತ್ತು ಸಲ ಬ್ರೇಕ್ ಒತ್ತಿ. ಮೂರೂ ದೀಪ ಹತ್ತು ಸಲವೂ ಹೊತ್ತಬೇಕು, ಹತ್ತು ಸಲವೂ ಆರಬೇಕು.’